ತಂಗಡಿಗೆ ನೀರು ಹೆಚ್ಚಾದರೆ

ಕೇಳುಗರೇ, ನಮಸ್ಕಾರ.

ಬಯಲುಸೀಮೆಯ ರಸ್ತೆಯಂಚಿನಲ್ಲಿ ಹಳದಿ ಹೂ ಬಿಡುವ ಪೊದೆಯನ್ನು ನೀವು ನೋಡಿಯೇ ಇರುತ್ತೀರಿ. ಅದೇ ತಂಗಡಿ, ಕೆಲವರ ಬಾಯಲ್ಲಿ ಆವರಿಕೆ. ತೆಲಂಗಾಣದಲ್ಲಿ ಅದು ರಾಜ್ಯಪುಷ್ಪ. ನಾವು ಮಾತ್ರ ಎಲ್ಲಿಂದಲೋ ಬಂದ ಗಿಡಗಳನ್ನು ಅಂಗಳದಲ್ಲಿ ನೆಟ್ಟು, ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುತ್ತೇವೆ. ತಂಗಡಿ ಹಾಕಿ. ಬೇರು ಹಿಡಿದ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ.

ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಗಿಡ ಹೂ ಬಿಡುತ್ತಿಲ್ಲವೆಂದು ನನ್ನನ್ನು ಕರೆದಿದ್ದರು. ಹೋಗಿ ನೋಡಿದರೆ ಸುತ್ತ ಅಂದವಾದ ಪಾತಿ, ಪಾತಿಯ ತುಂಬ ನೀರು. ಗಿಡ ಸೊರಗಿದ ಕಡ್ಡಿಯಂತೆ ಉದ್ದಕ್ಕೆ ಬೆಳೆದು ಬಾಗಿತ್ತು, ಕೆಳಗಿನ ಎಲೆಗಳು ಹಳದಿಯಾಗಿದ್ದವು. ಮಣ್ಣಿಗೆ ಬೆರಳು ಹಾಕಿದೆ, ಕೆಸರು ಹತ್ತಿತು. "ದಿನವೂ ಎರಡು ಬಿಂದಿಗೆ ಹಾಕುತ್ತೇನಲ್ಲ ಸಾರ್, ಇನ್ನೂ ಹಾಕಲೇ?" ಎಂದರು. "ದಯವಿಟ್ಟು ಬೇಡ ಮೇಷ್ಟ್ರೇ" ಎಂದು ಪಾತಿ ಒಡೆಸಿ ಮಣ್ಣು ಏರಿಸಿ, ತುದಿ ಕತ್ತರಿಸಿ ಬಂದೆ. ಅವರ ಮುಖದಲ್ಲಿ ಅಸಮಾಧಾನವಿತ್ತು. ಆದರೂ ಮಾತು ಕೇಳಿದರು. ಮುಂದಿನ ಮಳೆಗಾಲ ಕಳೆದ ಮೇಲೆ ಫೋನ್ ಮಾಡಿ, "ಗಿಡದಲ್ಲಿ ಎಲೆಗಿಂತ ಹೂವೇ ಹೆಚ್ಚು, ದುಂಬಿಗಳ ಗದ್ದಲ ಬೇರೆ" ಎಂದರು.

ಆ ಗದ್ದಲವನ್ನು ಹತ್ತಿರ ನಿಂತು ಕೇಳಿ. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗವಷ್ಟೇ. ಅದೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ. ಕರಿದುಂಬಿ ಹೂವನ್ನು ಅಪ್ಪಿ ಹಿಡಿದು ಝೇಂಕರಿಸಿ ಮೈ ನಡುಗಿಸಿದಾಗ ಪರಾಗ ಉದುರುತ್ತದೆ. ಎಷ್ಟು ನೋಡಿದರೂ ನನಗೆ ಸಾಲದು!

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಒಣಗಿದ ಕಂದು ಕಾಯಿಯಿಂದ ಬೀಜ ತೆಗೆಯಿರಿ. ಸಿಪ್ಪೆ ಗಟ್ಟಿ, ಆದ್ದರಿಂದ ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಮುಂಗಾರಿನ ಮೊದಲ ಮಳೆ ಬಿದ್ದಾಗ, ಪೂರ್ತಿ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೇರವಾಗಿ ಬಿತ್ತಿ. ತಾಯಿಬೇರು ಆಳಕ್ಕೆ ಇಳಿಯುವ ಗಿಡ, ಬೆಳೆದ ಮೇಲೆ ಕಿತ್ತು ಬೇರೆಡೆ ನೆಟ್ಟರೆ ಉಳಿಯುವುದು ಕಷ್ಟ. ಗೊಬ್ಬರದ ಚಿಂತೆ ಬೇಡ. ಮೊದಲ ವರ್ಷ ಮಳೆ ಕೈಕೊಟ್ಟರೆ ವಾರಕ್ಕೊಮ್ಮೆ ನೀರು ಕೊಡಿ. ಆಮೇಲೆ? ಬೇಡ, ಬೇಡವೇ ಬೇಡ. ಎಲೆಯ ಮೇಲೆ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ, ಅವು ಚಿಟ್ಟೆಯ ಮರಿಗಳು. ಒಂದಿಷ್ಟು ಎಲೆ ತಿಂದುಕೊಳ್ಳಲಿ, ಗಿಡ ಮತ್ತೆ ಚಿಗುರುತ್ತದೆ.

ನಮಸ್ಕಾರ.