ಇದು ಎಲ್ಲಿಯದು? ಯಾವಾಗಿನದು?

ಕೇಳುಗರೆಲ್ಲರಿಗೂ ನಮಸ್ಕಾರ. ಫೋನಿಗೆ ಬರುವ ಸುಳ್ಳು ಸುದ್ದಿಯ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು. ಯಾವ ವಿಡಿಯೋ ಬಂದರೂ ಮುಂದಕ್ಕೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿ. ಇದು ಎಲ್ಲಿಯದು? ಯಾವಾಗಿನದು? ಉತ್ತರ ಗೊತ್ತಿಲ್ಲ ಅಂದರೆ ಕಳಿಸಬೇಡಿ. ಅಷ್ಟೇ.

ಇವೆರಡೇ ಪ್ರಶ್ನೆ ಯಾಕೆ? ಸುಳ್ಳು ಹಬ್ಬಿಸಲು ಸುಳ್ಳು ವಿಡಿಯೋನೇ ಬೇಕು ಅಂತಿಲ್ಲ. ಯಾವುದೋ ಊರಿನ ವಿಡಿಯೋಗೆ ನಮ್ಮ ಬಡಾವಣೆಯ ಹೆಸರು ಅಂಟಿಸಿದರೆ ಸಾಕು.

2018ರಲ್ಲಿ ಒಂದು ವಿಡಿಯೋ ಓಡಾಡಿತು. ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಒಂದು ಬೈಕು ಬರುತ್ತದೆ, ಮೇಲೆ ಇಬ್ಬರು. ಮಕ್ಕಳ ಹತ್ತಿರ ನಿಧಾನ ಮಾಡುತ್ತಾರೆ. ಹಿಂದೆ ಕೂತವನು ಒಂದು ಮಗುವನ್ನು ಎತ್ತಿಕೊಳ್ಳುತ್ತಾನೆ. ಬೈಕು ಹೊರಟೇಬಿಡುತ್ತದೆ. ಉಳಿದ ಮಕ್ಕಳು ಹಿಂದೆ ಓಡುತ್ತಾರೆ. ಅಲ್ಲಿಗೆ ಮುಗಿಯಿತು. ಯಾವ ತಾಯಿಗೆ ಎದೆ ಧಸಕ್ ಅನ್ನುವುದಿಲ್ಲ ಹೇಳಿ?

ಆದರೆ ಅಸಲಿ ವಿಡಿಯೋ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಬೈಕು ವಾಪಸ್ ಬರುತ್ತದೆ. ಮಗುವನ್ನು ಇಳಿಸುತ್ತಾರೆ. ಆಮೇಲೆ ಒಂದು ಫಲಕ ಬಿಚ್ಚಿ ತೋರಿಸುತ್ತಾರೆ. ಮಗು ಕಳೆದುಹೋಗಲು ಒಂದು ಕ್ಷಣ ಸಾಕು, ಹುಷಾರಾಗಿರಿ ಎಂಬ ಅರ್ಥದ ಫಲಕ. ಅದು ಪಾಕಿಸ್ತಾನದ ಕರಾಚಿಯಲ್ಲಿ ತೆಗೆದ ಜಾಹೀರಾತು. ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಯದು. ಒಳ್ಳೆಯ ಉದ್ದೇಶದಿಂದ ಮಾಡಿದ್ದು. ಯಾರೋ ಕೊನೆಯ ಭಾಗ ಕತ್ತರಿಸಿ ಎಸೆದರು. ಜೊತೆಗೆ ನಮ್ಮೂರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮಾತು ಸೇರಿತು.

ಅದೇ ದಿನಗಳಲ್ಲಿ, ಮೇ ತಿಂಗಳಲ್ಲಿ, ನಮ್ಮ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಏನಾಯಿತು? ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕ. ಮಕ್ಕಳ ಕಳ್ಳ ಅಂತ ಯಾರೋ ಕೂಗಿದರು. ಕೈಕಾಲು ಕಟ್ಟಿದರು, ಬೀದಿಯಲ್ಲಿ ಎಳೆದಾಡಿದರು, ಬ್ಯಾಟಿನಲ್ಲಿ ಹೊಡೆದರು. ಹುಡುಗ ಉಳಿಯಲಿಲ್ಲ. ಹಾಡಹಗಲು, ಮನೆ ಅಂಗಡಿಗಳ ನಡುವೆ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್‌ಗೂ ಇದೇ ಗತಿ. ಅವರ ಕಾರಿನಲ್ಲಿ ಚಾಕೊಲೇಟ್ ಇತ್ತು, ಮಕ್ಕಳಿಗೆ ಕೊಟ್ಟಿದ್ದರು. ಅದೇ ಅನುಮಾನಕ್ಕೆ ಕಾರಣವಾಯಿತು.

ಎಲ್ಲಿಯದು, ಯಾವಾಗಿನದು ಅಂತ ಯಾರಾದರೂ ಕೇಳಿದ್ದರೆ?

ಆ ಜುಲೈನಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ 5 ಕಡೆಗೆ ಮಾತ್ರ ಕಳಿಸಬಹುದು ಎಂದು ಮಿತಿ ಹಾಕಿತು. ಒಳ್ಳೆಯದೇ. ಆದರೆ ಬೆರಳು ನಮ್ಮದು, ಕಂಪನಿಯದಲ್ಲ.

ಇದು ವಾಟ್ಸಾಪ್ ಬಂದಮೇಲಿನ ರೋಗ ಅಂದುಕೊಳ್ಳಬೇಡಿ. 2012ರ ಆಗಸ್ಟ್ ನೆನಪಿದೆಯಾ? ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಎಂದು ಎಸ್ಎಂಎಸ್‌ನಲ್ಲಿ ಬಂದ ಗಾಳಿಮಾತು. ಈಶಾನ್ಯ ರಾಜ್ಯಗಳ ಸಾವಿರಾರು ಜನ ಬ್ಯಾಗು ಹೊತ್ತು ನಮ್ಮ ಸಿಟಿ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗಲೂ ಬೇರೆ ಕಡೆಯ ಫೋಟೋಗಳು ಸುತ್ತಾಡಿದವು.

"ನಿಜ ಇದ್ದರೂ ಇರಬಹುದು, ಅದಕ್ಕೇ ಹಾಕಿದೆ ಸಾರ್" ಅನ್ನುತ್ತಾರೆ. ಓದಿದವರೇ ಜಾಸ್ತಿ ಅನ್ನುತ್ತಾರೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಇರಬಹುದು ಅಂತ ನೀವು ಹಾಕಿದ್ದು, ಮುಂದಿನವರಿಗೆ ಹೋಗುವಷ್ಟರಲ್ಲಿ ಇದೆ ಅಂತಲೇ ಆಗಿರುತ್ತದೆ, ಅಲ್ವಾ? ಕಳಿಸಿದವರು ನಿಮ್ಮ ಭಾವನೇ ಇರಲಿ, ಮೇಷ್ಟ್ರೇ ಇರಲಿ, ಕೇಳಿ. ಭಾವ, ಇದು ಎಲ್ಲಿಯದು? ಯಾವಾಗಿನದು? ಬೇಜಾರಾದರೆ ಆಗಲಿ.

ಪತ್ತೆ ಮಾಡುವುದು ಕಷ್ಟವೇನಲ್ಲ. ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಅಂಥದೇ ಚಿತ್ರ ಇಂಟರ್ನೆಟ್‌ನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯದಾದರೆ ತುಂಬಾ ಸಲ ಸಿಕ್ಕಿಬೀಳುತ್ತದೆ. ಇಲ್ಲದಿದ್ದರೆ ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿದೆ, ಗಾಡಿಯ ನಂಬರ್ ಪ್ಲೇಟು ಹೇಗಿದೆ ನೋಡಿ. ನಮ್ಮ ರಾಜ್ಯದ್ದಾದರೆ ಕೆಎ ಇರಬೇಕಲ್ಲ. ಫೋನು ಗೊತ್ತಿಲ್ಲದ ಹಿರಿಯರು ಮನೆಯ ಮಕ್ಕಳನ್ನು ಕೂರಿಸಿಕೊಂಡು ನೋಡಿಸಿ.

ನಿಜವಾಗಿ ನಿಮ್ಮ ಬೀದಿಯಲ್ಲಿ ಯಾರ ಮೇಲಾದರೂ ಅನುಮಾನ ಬಂದರೆ ಗ್ರೂಪಿಗೆ ಹಾಕಬೇಡಿ, ತುರ್ತು ಸಹಾಯದ ನಂಬರ್ 112ಕ್ಕೆ ಫೋನ್ ಮಾಡಿ. ಒಂಟಿಯಾಗಿ ಅಲೆಯುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098. ಎರಡೂ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ನಮಸ್ಕಾರ.