ಹೆಡ್ ಬಿಚ್ಚಿದ ಎಂಜಿನ್‌ ಕೊಳೆ

ಕೇಳುಗರಿಗೆ ನಮಸ್ಕಾರ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಅದಿನ್ನೂ ಓಡುತ್ತಲೇ ಇದೆ. ವಯಸ್ಸಾದ ಗಾಡಿ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹೆಡ್ ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ, ಅದರ ಕೆಳಗಿನ ಮುಖ್ಯ ಭಾಗ ಬ್ಲಾಕ್. ಇವೆರಡರ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆಯೇ ಈ ಗ್ಯಾಸ್ಕೆಟ್. ಹೆಡ್ ಇಳಿಸಿದ ಮೇಲೆ ಕಾಣುವುದು ಕಪ್ಪು ಜಿಡ್ಡು. ತಕ್ಷಣ ತೊಳೆದುಬಿಡೋಣ ಅನ್ನಿಸುತ್ತದೆ, ಅಲ್ವಾ?

ಸ್ವಲ್ಪ ತಡೆಯಿರಿ, ಮೊದಲು ನೋಡಿ. ಸೋರಿದ ಆಯಿಲ್ ಕೆಳಗಿಳಿಯುತ್ತದೆ, ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಒದ್ದೆ ಜಿಡ್ಡು ತೀರಾ ಮೇಲೆ ಎಲ್ಲಿ ಶುರುವಾಗಿದೆಯೋ ಅಲ್ಲೇ ಸೋರಿಕೆ ಇರಬೇಕು. ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸೋರಿದ್ದರೆ ಒಣಗಿದ ಬಿಳಿ ಅಥವಾ ಹಸಿರು ಕಲೆ ಇರುತ್ತದೆ. ತೊಳೆದರೆ ಈ ಸುಳಿವೆಲ್ಲ ಹೋಯಿತು. ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಮುಖ್ಯ ವಿಷಯ. ಹೊರಗಿನ ಕೊಳೆ ನೋಡಲು ಚೆಂದ ಇಲ್ಲ, ಅಷ್ಟೇ. ಅದೇ ಕೊಳೆ ಒಳಗೆ ಹೋದರೆ ಬೇರಿಂಗ್ ತಿನ್ನುತ್ತದೆ. ಆದ್ದರಿಂದ ಬ್ರಷ್ ಹಿಡಿಯುವ ಮೊದಲೇ ಸಿಲಿಂಡರ್, ಆಯಿಲ್ ದಾರಿ, ನೀರಿನ ದಾರಿ ಎಲ್ಲಕ್ಕೂ ಬನಿಯನ್ ಬಟ್ಟೆ ತುರುಕಿ. ನೂಲು ಬಿಡುವ ಕಾಟನ್ ವೇಸ್ಟ್ ಬೇಡ. ಎಷ್ಟು ತುಂಡು ತುರುಕಿದಿರಿ ಅಂತ ಬರೆದಿಡಿ, ಕೊನೆಗೆ ಒಂದು ಒಳಗೇ ಉಳಿಯಬಾರದು ನೋಡಿ.

ಬ್ಯಾಟರಿ ತಂತಿ ಕಳಚಿ, ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಬ್ರಷ್ ಅದ್ದಿ ಉಜ್ಜಿ. ಪೆಟ್ರೋಲ್ ಬೇಡವೇ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ಕಾಸ್ಟಿಕ್ ಸೋಡಾ ಹೆಡ್ಡಿನ ಅಲ್ಯುಮಿನಿಯಂ ಅನ್ನೇ ತಿಂದುಬಿಡುತ್ತದೆ. ಟೈಮಿಂಗ್ ಬೆಲ್ಟ್ ರಬ್ಬರಿನದು, ಎಣ್ಣೆ ತಾಗಿಸಬೇಡಿ. ಪ್ರೆಶರ್ ವಾಶ್ ಅಂತೂ ಬಿಚ್ಚಿದ ಎಂಜಿನ್ನಿಗೆ ಸಲ್ಲದು.

ಗ್ಯಾಸ್ಕೆಟ್ ಕೂರುವ ಜಾಗದಲ್ಲಿ ಹಳೆ ಗ್ಯಾಸ್ಕೆಟ್ಟಿನ ತೆಳ್ಳನೆ ಕಪ್ಪು ಸಿಪ್ಪೆ ಅಂಟಿಕೊಂಡಿರುತ್ತದೆ. ನಮ್ಮಲ್ಲಿ ಎಲ್ಲರ ಕೈ ಹೋಗುವುದು ಎಮರಿ ಪೇಪರಿಗೆ. ನನಗದು ಇಷ್ಟವಿಲ್ಲ. ಅದರಿಂದ ಉದುರುವ ಪುಡಿ ಕಬ್ಬಿಣವನ್ನೇ ಸವೆಸುವಂಥದ್ದು, ಆಯಿಲ್ ಜೊತೆ ಸೇರಿದರೆ ಎಲ್ಲೆಲ್ಲಿ ಸುತ್ತುತ್ತದೋ ಅಲ್ಲೆಲ್ಲ ಕೆರೆಯುತ್ತದೆ. ಗ್ಯಾಸ್ಕೆಟ್ ರಿಮೂವರ್ ಹಚ್ಚಿ ನೆನೆಸಿ, ಪ್ಲಾಸ್ಟಿಕ್ ಸ್ಕ್ರೇಪರಿನಿಂದ ನಿಧಾನಕ್ಕೆ ಎಬ್ಬಿಸಿ. ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಆಮೇಲೆ ಹೆಡ್ ಬೋಲ್ಟಿನ ತೂತುಗಳು. ಕೆಲವು ಎಂಜಿನ್‌ಗಳಲ್ಲಿ ಇವಕ್ಕೆ ತಳ ಇರುತ್ತದೆ. ತೊಳೆದ ಸೀಮೆಎಣ್ಣೆಯೋ ನೀರೋ ಅಲ್ಲಿ ನಿಂತಿದ್ದರೆ ಮೇಲಿಂದ ಗೊತ್ತಾಗುವುದಿಲ್ಲ. ದ್ರವ ಅಮುಕಿದರೆ ಕುಗ್ಗುವುದಿಲ್ಲವಲ್ಲ. ಬೋಲ್ಟ್ ಪೂರ್ತಿ ಇಳಿಯುವ ಮೊದಲೇ ಟಾರ್ಕ್ ರೆಂಚ್, ಅಂದರೆ ಬಿಗಿ ಅಳೆಯುವ ಪಾನಾ, ಟಕ್ ಅನ್ನುತ್ತದೆ. ಬಿಗಿಯಾಯಿತು ಅಂದುಕೊಳ್ಳುತ್ತೇವೆ, ಹೆಡ್ ಮಾತ್ರ ಸರಿಯಾಗಿ ಕೂತಿರುವುದಿಲ್ಲ. ಇನ್ನೂ ಬಲ ಹಾಕಿದರೆ ಬ್ಲಾಕೇ ಬಿರುಕು ಬಿಡಬಹುದು. ಅದಕ್ಕೇ ಒಂದೊಂದು ತೂತಿಗೂ ಬಟ್ಟೆ ಮುಚ್ಚಿ, ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿ. ಕನ್ನಡಕ ಹಾಕಿಕೊಳ್ಳಿ, ಒಳಗಿದ್ದದ್ದು ನೇರ ಮುಖಕ್ಕೇ ಹಾರುತ್ತದೆ.

ಸೇರಿಸುವಾಗ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ತೊಳೆದ ಕಪ್ಪು ಸೀಮೆಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಡಬ್ಬಿಗೆ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ವಿಚಾರಿಸಿ ಕೊಡಿ. ನಮಸ್ಕಾರ.