35 ಹುಡುಗಿಯರು, ಒಂದು ಪೊಟ್ಟಣ ಊಟ

ಕೇಳುಗರಿಗೆ ನಮಸ್ಕಾರ.

ಐವತ್ತು ದಾಟಿದ ಹೆಂಗಸೊಬ್ಬಳು ಬಸ್ಸಿನಲ್ಲಿ ಓದುವ ಪುಸ್ತಕಕ್ಕೆ ಶಾಲೆ ಮಕ್ಕಳ ಹಾಗೆ ಖಾಕಿ ಕಾಗದದ ಬೈಂಡು ಹಾಕಿಕೊಂಡಿದ್ದರೆ ಏನೋ ಮುಚ್ಚಿಡುತ್ತಿದ್ದಾಳೆ ಎಂದೇ ಅರ್ಥ. ನಾನು ಮುಚ್ಚಿಟ್ಟದ್ದು ಒಂದು ನೀಲಿ ಗೌನನ್ನು. ಮುಖಪುಟದ ತುಂಬ ಅದೇ. ಅಕ್ಕನ ಮಗಳು ನಮ್ಮ ಮನೆಯಲ್ಲಿ ಮರೆತು ಹೋದ ಪುಸ್ತಕ, ಅಮೆರಿಕದ ಕೀರಾ ಕ್ಯಾಸ್ ಅವರ ‘ದಿ ಸೆಲೆಕ್ಷನ್’. 2012ರಲ್ಲಿ ಬಂದದ್ದು, ಹದಿಹರೆಯದವರಿಗೆಂದೇ ಬರೆದದ್ದು. ನಾನು ಎರಡೇ ದಿನದಲ್ಲಿ ಮುಗಿಸಿದೆ. ಇವತ್ತು ಆ ಬೈಂಡು ಬಿಚ್ಚಿಬಿಡುತ್ತೇನೆ.

ಕಥೆ ನಡೆಯುವುದು ಮುಂದೆಂದೋ ಒಂದು ಕಾಲದಲ್ಲಿ. ಮಹಾಯುದ್ಧಗಳಾಗಿ, ಈಗಿನ ಅಮೆರಿಕ ಅಳಿದು, ಅಲ್ಲೊಂದು ರಾಜಪ್ರಭುತ್ವ ಎದ್ದಿದೆ. ರಾಜಕುಮಾರ ಮ್ಯಾಕ್ಸನ್‌ಗೆ ಹೆಣ್ಣು ಬೇಕು. ಒಂದೊಂದು ಪ್ರಾಂತ್ಯದಿಂದ ಒಬ್ಬೊಬ್ಬಳಂತೆ 35 ಹುಡುಗಿಯರು ಅರಮನೆಗೆ ಬರುತ್ತಾರೆ, ಟಿವಿ ಕ್ಯಾಮೆರಾ ಬೆನ್ನಿಗೇ ಇರುತ್ತದೆ, ಕೊನೆಗೆ ಉಳಿದವಳು ರಾಣಿ. ನಾಯಕಿಯ ಹೆಸರು ಅಮೆರಿಕ ಸಿಂಗರ್. ಹಾಡುವ ಹುಡುಗಿಗೆ ಸಿಂಗರ್ ಎಂದೇ ಮನೆತನದ ಹೆಸರು! ಲೇಖಕಿ ಹೆಸರಿಗಾಗಿ ಬಹಳ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಕಾಳಿದಾಸನ ಇಂದುಮತಿಯ ಸ್ವಯಂವರ ನಿಮಗೆ ನೆನಪಿರಬಹುದು. ಅವಳು ನಡೆದಾಡುವ ದೀಪದ ಕುಡಿ, ದಾಟಿಹೋದ ರಾಜರ ಮುಖ ರಾಜಬೀದಿಯ ಮಹಡಿಮನೆಗಳಂತೆ ಒಂದೊಂದಾಗಿ ಕತ್ತಲಾಗುತ್ತದೆ. ಇಲ್ಲಿ ದೀಪ ಗಂಡಿನ ಕೈಯಲ್ಲಿದೆ. ಕತ್ತಲಾಗುವುದು ಹುಡುಗಿಯರ ಮುಖ. ಇದು ಸರಣಿಯ ಮೊದಲ ಪುಸ್ತಕ, ಮುಗಿಯುವಷ್ಟರಲ್ಲಿ ಆರೇ ಮಂದಿ ಉಳಿದಿರುತ್ತಾರೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಈ ಸ್ಪರ್ಧೆಯಲ್ಲ. ಆ ದೇಶದಲ್ಲಿ ಎಂಟು ಜಾತಿಗಳಿವೆ, ಹೆಸರಿನ ಬದಲು ಅಂಕೆ. ಒಂದು ಎಂದರೆ ರಾಜಮನೆತನ. ಐದು ಎಂದರೆ ಹಾಡುವವರು, ಚಿತ್ರ ಬರೆಯುವವರು. ಆರು ಎಂದರೆ ಮನೆಗೆಲಸದವರು. ಎಂಟು ಎಂದರೆ ಬೀದಿಪಾಲಾದವರು. ನಾಯಕಿ ಐದರವಳು, ಅವಳು ಗುಟ್ಟಾಗಿ ಪ್ರೀತಿಸುವ ಆಸ್ಪೆನ್ ಆರರವನು. ಮದುವೆಯಾದರೆ ಹೆಣ್ಣಿಗೆ ಗಂಡನ ಅಂಕೆಯೇ ಅಂಟುತ್ತದೆ, ಒಂದು ಮೆಟ್ಟಿಲು ಕೆಳಗೆ. ಜಾತಿ ಬಿಟ್ಟು ಮದುವೆಯಾಗುವವರು ಅರ್ಜಿ ತುಂಬಿ 90 ದಿನ ಕಾಯಬೇಕು. ಇದನ್ನು ಓದಿದಾಗ ಬಸ್ಸಿನಲ್ಲೇ ನಗು ಬಂತು. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ 30 ದಿನದ ನೋಟಿಸು ಉಂಟಲ್ಲ! ಅಮೆರಿಕದ ಹುಡುಗಿಯರಿಗೆ ಇದು ಭವಿಷ್ಯದ ದುಃಸ್ವಪ್ನ. ನಮಗೆ ಆ ನೋಟಿಸು ಅಂಟಿಸುವ ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆ. ಅಂದಹಾಗೆ, ಆ ದೇಶದ ಹೆಸರು ಇಲ್ಲೇಯಾ. ಕನ್ನಡದ ಕಿವಿಗೆ ‘ಇಲ್ಲೇನಾ?’ ಅಂತಲೇ ಕೇಳಿಸುತ್ತದೆ.

ಆರಂಭದಲ್ಲೇ ಒಂದು ದೃಶ್ಯವಿದೆ. ಹಿತ್ತಲ ಮರದ ಮೇಲೊಂದು ಪುಟ್ಟ ಮನೆ. ಊರಿಗೆಲ್ಲ ರಾತ್ರಿಯ ಕರ್ಫ್ಯೂ ಬಿದ್ದ ಮೇಲೆ ನಾಯಕಿ, ಆಸ್ಪೆನ್ ಇಬ್ಬರೂ ಅಲ್ಲಿ ಸೇರುತ್ತಾರೆ. ಅವನಿಗೆ ತಂದೆಯಿಲ್ಲ, ಏಳು ಮಕ್ಕಳಲ್ಲಿ ದೊಡ್ಡವನು, ಹೊಟ್ಟೆ ಯಾವತ್ತೂ ಅರ್ಧ ಖಾಲಿ. ಅವಳು ತನ್ನ ಪಾಲಿನ ಊಟ ಉಳಿಸಿ ಪೊಟ್ಟಣ ಕಟ್ಟಿ ತರುತ್ತಾಳೆ. ಅವನು ತಿನ್ನುತ್ತಾನೆ. ತಿನ್ನುವುದನ್ನು ನೋಡುತ್ತಾ ಅವಳು ಕೂರುತ್ತಾಳೆ. ಅವಳ ಹಾಡಿಗೆ ಅವನು ಕೊಡುವುದು ಒಂದು ಪೆನ್ನಿ, ಪುಕ್ಕಟೆ ಹಾಡಿಸಬಾರದಂತೆ. ಆ ಬಿಡಿಕಾಸನ್ನು ಅವಳು ಗಾಜಿನ ಶೀಶೆಯಲ್ಲಿ ಕೂಡಿಡುತ್ತಾಳೆ. ಕೈಯಲ್ಲಿ ಸ್ವಲ್ಪ ದುಡ್ಡಾದಾಗ ಒಂದು ರಾತ್ರಿ ಅವನಿಗಾಗಿ ಭರ್ಜರಿ ಊಟ ಸಿದ್ಧ ಮಾಡುತ್ತಾಳೆ. ಆ ಊಟವೇ ಅವನಿಗೆ ಉರಿ ತರಿಸುತ್ತದೆ. ಸಾಕಬೇಕಾದವನು ತಾನು, ಸಾಕುತ್ತಿರುವವಳು ಅವಳು. ಸಂಬಂಧ ಅಲ್ಲೇ ಕಡಿದುಹೋಗುತ್ತದೆ.

ಪ್ರೀತಿ ಮುರಿಯಲು ಖಳನಾಯಕ ಬೇಡ, ಅಪ್ಪನ ವಿರೋಧ ಬೇಡ, ಒಂದು ಊಟ ಸಾಕಾಯಿತು. ಈ ಪುಟಗಳಿಗಾಗಿ ನಾನು ಉಳಿದ ಎಷ್ಟೋ ದೋಷಗಳನ್ನು ಮನ್ನಿಸಿಬಿಟ್ಟೆ.

ದೋಷಗಳು ಇಲ್ಲವೆಂದಲ್ಲ. ಆ ದೇಶದ ಇತಿಹಾಸ ತೀರ ತೆಳು. ಸಾಲ ತೀರಿಸದ ಅಮೆರಿಕದ ಮೇಲೆ ಚೀನಾ ದಂಡೆತ್ತಿ ಬಂತು ಎಂದು ಪಾಠದ ರೂಪದಲ್ಲಿ ಹೇಳಿ ಮುಗಿಸುತ್ತಾರೆ. ಬಂಡುಕೋರರು ಬೇಕಾದಾಗ ಅರಮನೆಗೆ ನುಗ್ಗಿ ಕಿಟಕಿ ಒಡೆದು ಹೋಗುತ್ತಾರೆ, ಯಾಕೆಂದು ಕೇಳಬೇಡಿ. ಗೌನುಗಳ ವರ್ಣನೆ ಬಂದಲ್ಲೆಲ್ಲ ನಾನು ಪುಟ ಹಾರಿಸಿದೆ.

ಅರಮನೆಯ ಭಾಗದಲ್ಲಿ ನನಗೆ ಖುಷಿ ಕೊಟ್ಟದ್ದು ಬೇರೆಯೇ. ಈ ಹುಡುಗಿ ಗೆಲ್ಲಲು ಬಂದವಳೇ ಅಲ್ಲ. ಮೊದಲ ರಾತ್ರಿಯೇ ಉಸಿರು ಕಟ್ಟಿದಂತಾಗಿ ತೋಟಕ್ಕೆ ಓಡುತ್ತಾಳೆ. ಅಡ್ಡ ಬಂದ ರಾಜಕುಮಾರನಿಗೇ ಬೈಯುತ್ತಾಳೆ. ‘ಮೈ ಡಿಯರ್’ ಎಂದರೆ ರೇಗುತ್ತಾಳೆ. ಕೊನೆಗೊಂದು ಒಪ್ಪಂದ: ಇಲ್ಲಿ ಸಿಗುವ ಊಟಕ್ಕಾಗಿ, ಮನೆಗೆ ಹೋಗುವ ಹಣಕ್ಕಾಗಿ ತಾನು ಇರುತ್ತಾಳೆ, ಅವನಿಗೆ ಸ್ನೇಹಿತೆಯಾಗಿ ಉಳಿದ ಹುಡುಗಿಯರ ಗುಣ ತಿಳಿಸುತ್ತಾಳೆ. ಮಾತಾಡಬೇಕೆನಿಸಿದರೆ ಊಟದ ಮನೆಯಲ್ಲಿ ಕಿವಿ ಎಳೆದುಕೊಳ್ಳುವುದು ಇಬ್ಬರ ಸಂಜ್ಞೆ. ಅಷ್ಟು ಬೆಳ್ಳಿ ತಟ್ಟೆಗಳ ನಡುವೆ ಆ ಕಿವಿ ಎಳೆತ ಎಷ್ಟು ಮುದ್ದಾಗಿದೆ! ಅರಮನೆಗೆ ಅವಳು ಆ ಶೀಶೆಯನ್ನೂ ತಂದಿದ್ದಾಳೆ. ಒಳಗೆ ಒಂದೇ ಒಂದು ಪೆನ್ನಿ.

ಮ್ಯಾಕ್ಸನ್‌ಗೆ ಹಸಿವು ಎಂದರೇನೆಂದು ಗೊತ್ತಿಲ್ಲ. ಕೆಟ್ಟವನಲ್ಲ, ಪಾಪ, ಗೊತ್ತಿಲ್ಲ ಅಷ್ಟೆ. ಅದನ್ನು ಅವನಿಗೆ ತಿಳಿಸಬೇಕಾದವಳು ಐದನೆಯ ಜಾತಿಯ ಈ ಹುಡುಗಿ. ಬಡವರಿಗೆ ಊಟದ ನೆರವು ಕೊಡುವುದಾಗಿ ಅವನು ಟಿವಿಯಲ್ಲಿ ಹೇಳುವಾಗ ಅವಳ ಮನಸ್ಸು ಮೊದಲ ಸಲ ಅವನ ಕಡೆ ಜಾರುತ್ತದೆ. ಇಲ್ಲೂ ಅನ್ನವೇ ನೋಡಿ. ಒಬ್ಬನನ್ನು ಕಳೆದದ್ದೂ ಅನ್ನ, ಇನ್ನೊಬ್ಬನನ್ನು ಹತ್ತಿರ ತಂದದ್ದೂ ಅನ್ನ.

ಅಕ್ಕನ ಮಗಳಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವಳು ಮ್ಯಾಕ್ಸನ್ ಪಕ್ಷ, ನಾನು ಆಸ್ಪೆನ್ ಪಕ್ಷ. ‘ಚಿಕ್ಕಮ್ಮ, ಅವನು ಊಟ ಬೇಡ ಅಂತ ಅವಳನ್ನೇ ಬಿಟ್ಟ, ಇವನು ತಿಂಡಿ ಮೇಲೆ ಪಂದ್ಯ ಕಟ್ಟಿದ’ ಎಂದಳು. ಹೌದು, ಆ ಪಂದ್ಯ ಹೇಳಲು ಮರೆತೆ. ಅರಮನೆಯಲ್ಲಿ ಸ್ಟ್ರಾಬೆರಿ ಟಾರ್ಟ್ ತಿಂದಾಗ ನಾಯಕಿಗೆ ಮನೆಯಲ್ಲಿರುವ ತಂಗಿ ಮೇ ನೆನಪಾಗುತ್ತಾಳೆ. ಇದರ ರುಚಿ ಕಂಡರೆ ಅವಳು ಅತ್ತೇಬಿಡುತ್ತಾಳೆ ಎನ್ನುತ್ತಾಳೆ. ಪಂದ್ಯ ಕಟ್ಟೋಣ ಎನ್ನುತ್ತಾನೆ ರಾಜಕುಮಾರ. ತಂಗಿ ಅತ್ತರೆ ಅಕ್ಕ ಒಂದು ವಾರ ಗೌನು ಬಿಟ್ಟು ಪ್ಯಾಂಟು ತೊಡಬಹುದು.

ನಾನಂತೂ ಪ್ಯಾಂಟಿನ ಪಕ್ಷ. ನಮಸ್ಕಾರ.